ಹಳೆ ಸೀರೆಯ ಕೌದಿ, ಉಳಿದ ಸೆರಗಿನ ಫ್ರಾಕು

ಕೌದಿ, ಅಂದರೆ ಹಳೆ ಬಟ್ಟೆಗಳನ್ನು ಪದರ ಪದರವಾಗಿ ಕೂಡಿಸಿ ಹೊಲಿದ ಹೊದಿಕೆ, ಹೊಲಿಯಬೇಕೆಂದು ಹೊರಟವರು ಮೊದಲು ಸೂಜಿ, ದಾರ ಹುಡುಕುತ್ತಾರೆ. ನಾನೂ ಹಾಗೆಯೇ ಮಾಡಿದ್ದೆ. ಧಾರವಾಡದ ಕಡೆಯ ನಮ್ಮ ಮನೆಯ ಹಿರಿಯರು ಮಾತ್ರ ಮೊದಲ ಎರಡು ದಿನ ಸೂಜಿಯನ್ನು ಮುಟ್ಟುತ್ತಲೇ ಇರಲಿಲ್ಲ. ಟ್ರಂಕಿನಿಂದ ತೆಗೆದ ಹಳೆ ಸೀರೆ, ಧೋತರಗಳನ್ನು ಒಗೆದು, ಒಣಗಿಸಿ, ಬೆಳಕಿಗೆ ಹಿಡಿದು ನೋಡಿ, ಗಟ್ಟಿಯಾದದ್ದು ಯಾವುದು, ಜೀರ್ಣವಾದದ್ದು ಯಾವುದು ಎಂದು ಬೇರ್ಪಡಿಸುವುದರಲ್ಲೇ ಅವರ ಹೊತ್ತು ಹೋಗುತ್ತಿತ್ತು. ಕೌದಿಯ ಬಾಳಿಕೆ ತೀರ್ಮಾನವಾಗುವುದು ಆ ಎರಡು ದಿನಗಳಲ್ಲೇ ಎಂಬುದು ನನಗೆ ಅರ್ಥವಾದದ್ದು ಒಂದು ಕೌದಿ ಕೆಟ್ಟ ಮೇಲೆ. ಒಂದೆರಡು ಸಲ ಮಾತ್ರ ಉಟ್ಟಿದ್ದ ಕೆಂಪು ಸೀರೆಯೊಂದನ್ನು ಒಗೆಯದೆ ಒಳಪದರವಾಗಿ ಇಟ್ಟಿದ್ದೆ. ಮೂರು ವಾರ ಕೂತು ಹೊಲಿದದ್ದು ಮೊದಲ ಒಗೆತಕ್ಕೇ ಬಣ್ಣ ಬಿಟ್ಟು, ಮೇಲಿನ ಬಿಳಿ ಧೋತರದ ತುಂಬ ಗುಲಾಬಿ ಕಲೆಗಳು ಮೂಡಿದವು.

ಆದ್ದರಿಂದ ಬಟ್ಟೆಯ ಆಯ್ಕೆಯಿಂದಲೇ ಆರಂಭಿಸೋಣ. ಕೌದಿಗೆ ಹಲವು ವರ್ಷ ಉಟ್ಟು, ಒಗೆದು ಮೆತ್ತಗಾದ ಹತ್ತಿಯ ಸೀರೆ ಎಲ್ಲಕ್ಕಿಂತ ಒಳ್ಳೆಯದು. ಹೊಸ ಹತ್ತಿಬಟ್ಟೆ ಮೊದಲ ಒಗೆತಗಳಲ್ಲಿ ನೂರಕ್ಕೆ 3ರಿಂದ 5ರಷ್ಟು ಕುಗ್ಗಬಹುದು. ಹಳೆಯದರ ಜೊತೆಗೆ ಅದನ್ನು ಸೇರಿಸಿ ಹೊಲಿದರೆ ಹಳೆಯ ಪದರ ಉಬ್ಬುತ್ತದೆ, ಹೊಸದು ಎಳೆಯುತ್ತದೆ, ಕೌದಿ ಒಗೆದ ಮೇಲೆ ಸುಕ್ಕುಗಟ್ಟುತ್ತದೆ. ಸಿಂಥೆಟಿಕ್ ಸೀರೆಯನ್ನು ಒಳಗೆ ಇಡುವುದು ಬೇಡ, ಏಕೆಂದರೆ ಅದು ಬೆವರನ್ನು ಹೀರುವುದಿಲ್ಲ, ಹೊಲಿಯುವಾಗ ಹತ್ತಿಯ ಪದರಗಳ ನಡುವೆ ಜಾರುತ್ತಲೂ ಇರುತ್ತದೆ. ಜರಿಯ ಅಂಚು ಚರ್ಮಕ್ಕೆ ಚುಚ್ಚುವುದರಿಂದ ಅದನ್ನು ಬಿಚ್ಚಿ ಬೇರೆ ಇಡಬೇಕು.

ಬಟ್ಟೆಯ ಗಟ್ಟಿತನ ತಿಳಿಯಲು ಸೀರೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಉದ್ದಕ್ಕೂ ಸರಿಸುತ್ತಾ ನೋಡಬೇಕು. ಕೂರುವಾಗ ಒತ್ತುವ ಜಾಗ ಮತ್ತು ನೆರಿಗೆಯ ಕೆಳಭಾಗ ಸಾಮಾನ್ಯವಾಗಿ ಮೊದಲು ಸವೆದಿರುತ್ತವೆ. ಅಲ್ಲಿ ಬೆಳಕು ಜರಡಿಯಿಂದ ಬಂದಂತೆ ಬರುತ್ತದೆ. ಅಂಥ ಕಡೆ ಬಟ್ಟೆಯನ್ನು ಎರಡು ಹೆಬ್ಬೆರಳುಗಳ ನಡುವೆ ಹಿಡಿದು ಎಳೆದಾಗ ಪರ್ರೆಂದು ಹರಿದರೆ ಆ ತುಂಡು ಒಳಪದರಕ್ಕೂ ಆಗದು, ಅದನ್ನು ಒರೆಸುವ ಬಟ್ಟೆಯ ಗಂಟಿಗೆ ಸೇರಿಸಬಹುದು. ಬಣ್ಣದ ಪರೀಕ್ಷೆಯೂ ಸುಲಭವಾದದ್ದೇ: ಬಿಳಿ ಬಟ್ಟೆಯ ಚೂರೊಂದನ್ನು ಒದ್ದೆ ಮಾಡಿ ಸೀರೆಯ ಮೇಲೆ ಜೋರಾಗಿ ಉಜ್ಜಿದರೆ ಬಣ್ಣ ಬಿಡುವ ಸೀರೆ ಅಲ್ಲಿಯೇ ಸಿಕ್ಕಿಬೀಳುತ್ತದೆ. ಉಪ್ಪುನೀರಿನಲ್ಲಿ ನೆನೆಸಿದರೆ ಬಣ್ಣ ನಿಲ್ಲುತ್ತದೆ ಎಂಬ ಮಾತನ್ನು ನಂಬಿ ಕೂಡಬಾರದು; ತಿಳಿನೀರು ಬರುವವರೆಗೆ ಮತ್ತೆ ಮತ್ತೆ ಒಗೆಯುವುದೊಂದೇ ದಾರಿ.

ಇನ್ನು ಅಳತೆ. ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂದು ಗಾದೆ ಹೇಳುತ್ತದೆ, ಆದರೆ ಕೌದಿಯ ವಿಷಯದಲ್ಲಿ ಹೊದೆಯುವವರ ಕಾಲನ್ನು ಮೊದಲು ಅಳೆಯುವ ಸ್ವಾತಂತ್ರ್ಯ ನಮಗಿದೆ. ರವಿಕೆಯ ತುಂಡನ್ನು ಬಿಟ್ಟರೆ ಸೀರೆ ಸುಮಾರು 5.5 ಮೀಟರ್ ಉದ್ದ, 1.15 ಮೀಟರ್ ಅಗಲ ಇರುತ್ತದೆ. ಅದರಿಂದ 2.2 ಮೀಟರಿನ ಎರಡು ತುಂಡುಗಳನ್ನು ಕತ್ತರಿಸಿದರೆ ಒಬ್ಬರು ಹೊದೆಯುವ ಕೌದಿಗೆ ಎರಡು ಪದರಗಳಾದವು, ಮೇಲೆ 1.1 ಮೀಟರಿನಷ್ಟು ಸೆರಗಿನ ಭಾಗ ಉಳಿಯಿತು. ಅಂದರೆ ಎರಡು ಸೀರೆಗಳಿಂದ ನಾಲ್ಕು ಪದರದ ಒಂದು ಕೌದಿಯಾಗುತ್ತದೆ. ನಮ್ಮ ಬಯಲುಸೀಮೆಯ ಚಳಿಗೆ ನಾಲ್ಕು ಪದರ ಧಾರಾಳವಾಯಿತು; ಆರಕ್ಕಿಂತ ಹೆಚ್ಚಾದರೆ ಸೂಜಿ ಸಲೀಸಾಗಿ ಇಳಿಯುವುದಿಲ್ಲ, ಹೊಸಬರ ಬೆರಳು ಎರಡೇ ದಿನಕ್ಕೆ ಬೇಸರಗೊಳ್ಳುತ್ತದೆ.

ಪದರಗಳನ್ನು ಹಾಸುವಾಗ ನೇಕಾರರ ಒಂದು ಮಾತನ್ನು ನೆನಪಿಡಬೇಕು. ಮಗ್ಗದ ಮೇಲೆ ಉದ್ದಕ್ಕೆ ಬಿಗಿದ ಎಳೆ ಹಾಸು, ಅಡ್ಡಲಾಗಿ ಸೇರುವ ಎಳೆ ಹೊಕ್ಕು. ಸೀರೆಯ ಉದ್ದವೇ ಹಾಸಿನ ದಿಕ್ಕು. ನಾಲ್ಕೂ ಪದರಗಳ ಹಾಸು ಒಂದೇ ದಿಕ್ಕಿಗೆ ಬಂದರೆ ಎಲ್ಲವೂ ಒಂದೇ ರೀತಿ ಎಳೆಸಿಕೊಳ್ಳುತ್ತವೆ. ಉದ್ದ ಸಾಲದೆ ಒಂದು ತುಂಡನ್ನು ಅಡ್ಡ ತಿರುಗಿಸಿ ಸೇರಿಸಿದರೆ ಕೌದಿ ಆ ಜಾಗದಲ್ಲಿ ಸೊಟ್ಟಗಾಗುತ್ತದೆ. ಗಟ್ಟಿಯಾದ ಸೀರೆ ಅಡಿಗೂ ಮೇಲಕ್ಕೂ ಇರಲಿ, ಸವೆದದ್ದು ನಡುವೆ ಇರಲಿ. ಗುಡಿಸಿ ಒರೆಸಿದ ನೆಲದ ಮೇಲೆ ಅಡಿಯ ಪದರವನ್ನು ಹಾಸಿ, ನಾಲ್ಕು ಮೂಲೆಗಳಿಗೆ ಭಾರ ಇಟ್ಟು (ನಮ್ಮಲ್ಲಿ ಒರಳಿನ ಗುಂಡು, ಅಕ್ಕಿಯ ಡಬ್ಬಿ ಎಲ್ಲವೂ ಬರುತ್ತವೆ), ಅಂಗೈಯಿಂದ ನಡುವಿನಿಂದ ಅಂಚಿನ ಕಡೆಗೆ ಸವರುತ್ತಾ ಒಂದೊಂದೇ ಪದರವನ್ನು ಕೂರಿಸಬೇಕು. ಆಮೇಲೆ ಕಚ್ಚಾ ಹೊಲಿಗೆ, ಅಂದರೆ ಪದರಗಳು ಸರಿಯದಂತೆ ಹಾಕಿ ಕೊನೆಗೆ ತೆಗೆದುಬಿಡುವ ಹೊಲಿಗೆ: ಮೊದಲು ನಡುಮಧ್ಯದಲ್ಲಿ ಉದ್ದಕ್ಕೊಂದು, ಅಡ್ಡಕ್ಕೊಂದು ಗೆರೆ, ಅನಂತರ ಅಲ್ಲಿಂದ ಹೊರಗೆ ಗೇಣಿಗೊಂದರಂತೆ ಉದ್ದ ಹೊಲಿಗೆಯ ಸಾಲುಗಳು. ಕೌದಿ ಹೊಲಿಯುವುದನ್ನೇ ಕಸುಬಾಗಿಸಿಕೊಂಡ ಗೋಂದಳಿ ಸಮುದಾಯದ ಹೆಂಗಸರ ಕೈ ಪಳಗಿದ ಕೈ, ಅವರನ್ನು ನೋಡಿ ನಾವು ಕಚ್ಚಾ ಹೊಲಿಗೆಯನ್ನು ಬಿಡಲು ಹೋಗಬಾರದು. ಮೊದಲ ಮೂರು ಕೌದಿಗಳಿಗಾದರೂ ಅದು ಬೇಕೇ ಬೇಕು.

ಸೂಜಿ ಸುಮಾರು 5 ಸೆಂ.ಮೀ. ಉದ್ದವಿದ್ದು, ದಪ್ಪ ದಾರ ಹಿಡಿಸುವಷ್ಟು ಕಣ್ಣು ಇದ್ದರೆ ಸಾಕು. ಚೀಲ ಹೊಲಿಯುವ ದಬ್ಬಣ ಬೇಡ, ಅದು ಹಳೆ ಬಟ್ಟೆಯಲ್ಲಿ ಉಳಿಸುವ ತೂತು ಮುಚ್ಚಿಕೊಳ್ಳುವುದಿಲ್ಲ. ದಾರ ಹತ್ತಿಯದೇ ಆಗಿರಲಿ. ಪಾಲಿಯೆಸ್ಟರ್ ದಾರ ತಾನು ಹರಿಯದೆ, ಕಾಲಕ್ರಮದಲ್ಲಿ ಮೆತ್ತಗಿನ ಬಟ್ಟೆಯನ್ನೇ ಕೊಯ್ಯುವುದನ್ನು ನನ್ನ ಕೌದಿಯಲ್ಲಿ ಕಂಡಿದ್ದೇನೆ. ಒಂದು ಸಲಕ್ಕೆ ತೋಳಿನುದ್ದದ ದಾರವನ್ನಷ್ಟೇ ಪೋಣಿಸಿ, ಜೇನುಮೇಣದ ಮೇಲೆ ಒಮ್ಮೆ ಎಳೆದರೆ ಸಿಕ್ಕು ಬೀಳುವುದು ಕಡಿಮೆಯಾಗುತ್ತದೆ. ಬಲಗೈಯ ನಡುಬೆರಳಿಗೆ ಅಂಗುಸ್ತಾನ (ಸೂಜಿ ಚುಚ್ಚದಂತೆ ಬೆರಳಿಗೆ ತೊಡುವ ಟೊಪ್ಪಿ) ಹಾಕಿಕೊಳ್ಳಬೇಕು. ಮೊದಲ ದಿನ ಅದು ಅಡ್ಡಿಯೆನಿಸಿದರೂ ಎರಡನೆಯ ದಿನ ಅದಿಲ್ಲದೆ ಕೂರಲಾಗದು.

ಅಂಚುಗಳನ್ನು ಸುತ್ತಲೂ 3 ಸೆಂ.ಮೀ. ಒಳಕ್ಕೆ ಮಡಚಿ, ಎದುರುಬದುರು ಮಡಿಕೆಗಳನ್ನು ಕೂಡಿಸಿ ಮೊದಲು ಹೊಲಿದುಬಿಡಬೇಕು. ಬಳಿಕ ರನ್ನಿಂಗ್ ಹೊಲಿಗೆ, ಅಂದರೆ ಸೂಜಿಯನ್ನು ಕೆಳಗೆ ಮೇಲೆ ಮಾಡುತ್ತಾ ಮುಂದಕ್ಕೆ ಸಾಗುವ ಸಾದಾ ಹೊಲಿಗೆ. ಗಂಟನ್ನು ಪದರಗಳ ನಡುವೆ ಅಡಗಿಸಿ, ಎಡಗೈಯನ್ನು ಕೌದಿಯ ಅಡಿಗೆ ಇಟ್ಟು, ಸೂಜಿಯ ತುದಿ ಎಡದ ತೋರುಬೆರಳಿಗೆ ತಾಗಿದ ಕೂಡಲೇ ಮೇಲಕ್ಕೆ ತಿರುಗಿಸಬೇಕು. ಆ ತಾಗುವಿಕೆಯೇ ನಾಲ್ಕೂ ಪದರಗಳು ಸಿಕ್ಕಿವೆ ಎಂಬುದಕ್ಕೆ ಸಾಕ್ಷಿ. ನಾಲ್ಕೈದು ಹೊಲಿಗೆಗಳನ್ನು ಸೂಜಿಯ ಮೇಲೆ ಏರಿಸಿಕೊಂಡು ಒಟ್ಟಿಗೆ ದಾರ ಎಳೆಯಬಹುದು, ಆದರೆ ಬಟ್ಟೆ ಮುದುಡುವಷ್ಟು ಬಿಗಿಯಾಗಬಾರದು. ಹೊಲಿದ ಸಾಲಿನ ಮೇಲೆ ಹೆಬ್ಬೆರಳಿನಿಂದ ಒಮ್ಮೆ ಸವರಿದರೆ ಬಿಗಿ ಸಮನಾಗುತ್ತದೆ. ಹೊಲಿಗೆ ಅರ್ಧ ಸೆಂಟಿಮೀಟರಿಗಿಂತ ಸ್ವಲ್ಪ ದೊಡ್ಡದು, ಸಾಲಿನಿಂದ ಸಾಲಿಗೆ 2 ಸೆಂ.ಮೀ. ಅಂತರ ಎಂದಿಟ್ಟುಕೊಂಡರೆ ಈ ಅಳತೆಯ ಕೌದಿಗೆ ಐವತ್ತಕ್ಕೂ ಹೆಚ್ಚು ಸಾಲುಗಳು, ಒಟ್ಟು ಸುಮಾರು 115 ಮೀಟರಿನಷ್ಟು ಹೊಲಿಗೆ ಬೀಳುತ್ತದೆ. ನನಗೆ ಒಂದು ಮೀಟರಿಗೆ ಹತ್ತು ನಿಮಿಷ ಹಿಡಿಯುತ್ತದೆ, ಹಾಗಾಗಿ ದಿನಕ್ಕೊಂದು ತಾಸಿನಂತೆ ಮೂರು ವಾರದ ಕೆಲಸ. ದಾರ 150 ಮೀಟರ್ ಇಟ್ಟುಕೊಂಡರೆ ನಡುವೆ ಬಣ್ಣ ಸಿಗದೆ ಪರದಾಡುವುದು ತಪ್ಪುತ್ತದೆ.

ಸಾಲುಗಳನ್ನು ನೇರವಾಗಿ ಉದ್ದಕ್ಕೆ ಹಾಕಬಹುದು, ಇಲ್ಲವೇ ಅಂಚಿನಿಂದ ಆರಂಭಿಸಿ ಸುತ್ತುತ್ತಾ ಸುತ್ತುತ್ತಾ ನಡುವಿಗೆ ಬರಬಹುದು. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡದ ಕಡೆಯ ಸಿದ್ದಿ ಸಮುದಾಯದ ಹೆಂಗಸರು ಕವಂದಿ ಎಂಬ ತಮ್ಮ ಕೌದಿಯನ್ನು ಈ ಎರಡನೆಯ ರೀತಿಯಲ್ಲಿ ಹೊಲಿಯುತ್ತಾರೆ. ಅವರು ಒಂದು ಮೂಲೆಯಿಂದ ಹೊರಟು, ಮೇಲ್ಪದರದ ತೇಪೆಗಳನ್ನು ಒಂದೊಂದಾಗಿ ಆರಿಸಿ ಇಡುತ್ತಲೇ ಹೊಲಿಗೆಯನ್ನು ಮುಂದಕ್ಕೆ ಒಯ್ಯುವುದರಿಂದ, ಮುಂಚಿತವಾಗಿ ಬರೆದ ನಕ್ಷೆ ಬೇಕಾಗುವುದಿಲ್ಲ. ಯಾವ ಬಣ್ಣದ ಪಕ್ಕಕ್ಕೆ ಯಾವುದು ಎಂಬುದು ಹೊಲಿಗೆ ಅಲ್ಲಿಗೆ ತಲುಪಿದಾಗ ಗೊತ್ತಾಗುತ್ತದೆ. ಕೊನೆಗೆ ನಾಲ್ಕು ಮೂಲೆಗಳಿಗೂ ಸಣ್ಣ ಚೌಕಗಳನ್ನು ತ್ರಿಕೋನವಾಗಿ ಮಡಚಿ, ಒಂದರ ಮೇಲೊಂದು ಪೇರಿಸಿ ಹೊಲಿಯುತ್ತಾರೆ. ಅದಕ್ಕೆ ಫೂಲ ಎಂದು ಹೆಸರು. ಫೂಲವಿಲ್ಲದ ಕವಂದಿ ಅವರ ಕಣ್ಣಿಗೆ ಬೆತ್ತಲೆ. ಈ ಮೂಲೆಯ ಹೂವನ್ನು ನಮ್ಮ ಕೌದಿಗೆ ಎರವಲು ಪಡೆಯುವವರು ಅದು ಯಾರದು ಎಂಬುದನ್ನು ಹೇಳಿಯೇ ಪಡೆಯುವುದು ಸಭ್ಯತನ.

ಮೇಲೆ ತೇಪೆ ಹಾಕುವುದಾದರೆ ಪ್ರತಿ ತುಂಡಿನ ನಾಲ್ಕೂ ಬದಿಗಳನ್ನು 1 ಸೆಂ.ಮೀ. ಒಳಕ್ಕೆ ಮಡಚಿ ಇಸ್ತ್ರಿ ಮಾಡಿಕೊಂಡರೆ ಅರ್ಧ ಕೆಲಸ ಮುಗಿಯಿತು. ಮುಗಿದ ಕೌದಿಯ ಕಚ್ಚಾ ದಾರಗಳನ್ನು ತೆಗೆದು, ತಣ್ಣೀರಿನಲ್ಲಿ ಒಗೆದು, ಎರಡು ಹಗ್ಗಗಳ ಮೇಲೆ ಭಾರ ಹಂಚಿ ಬಿಸಿಲಿಗೆ ಹರಡಬೇಕು. ಒಂದೇ ಹಗ್ಗಕ್ಕೆ ನೇತುಹಾಕಿದರೆ ನೀರಿನ ಭಾರಕ್ಕೆ ಹೊಲಿಗೆ ಜಗ್ಗುತ್ತದೆ.

ಈಗ ಉಳಿದ ಸೆರಗಿನ ತುಂಡುಗಳ ಕಡೆಗೆ ಬರೋಣ. ಎರಡು ವರ್ಷದ ಮಗುವಿನ ಫ್ರಾಕಿಗೆ ಒಂದು ತುಂಡು ಸಾಕು, ಮಷೀನು ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಮೊದಲ ಪಾಠವೂ ಇಲ್ಲ. ನನ್ನ ಬಳಿ ಇದ್ದದ್ದು ಇಳಕಲ್ ಸೀರೆಯ, ಟೋಪ್ ತೆನಿ ಎಂದು ಕರೆಯುವ ಪಟ್ಟೆಗಳ ಸೆರಗು. ಇಳಕಲ್ ಸೀರೆಯಲ್ಲಿ ಒಡಲಿನ ಹಾಸನ್ನೂ ಸೆರಗಿನ ಹಾಸನ್ನೂ ಬೇರೆ ಬೇರೆಯಾಗಿಟ್ಟು, ಕೊಂಡಿ ಹಾಕಿ ಜೋಡಿಸಿರುತ್ತಾರೆ. ಆ ಜೋಡಣೆಯ ಗೆರೆಯ ಮೇಲೆ ಕತ್ತರಿ ಇಟ್ಟರೆ ಎಳೆಗಳು ಬಿಚ್ಚಿಕೊಳ್ಳುವುದರಿಂದ ಅದರಿಂದ ಎರಡು ಬೆರಳಷ್ಟು ದೂರದಲ್ಲಿಯೇ ಕತ್ತರಿಸಬೇಕು. ಸೆರಗಿನ ತುದಿಯಿಂದ 37.5 ಸೆಂ.ಮೀ. ಅಳೆದು ಪೂರ್ತಿ ಅಗಲಕ್ಕೆ ಕತ್ತರಿಸಿದ ಪಟ್ಟಿಯೇ ಕೆಳಗಿನ ಘೇರು: ಅದರಲ್ಲಿ 30 ಸೆಂ.ಮೀ. ಉದ್ದ, 1.5 ಸೆಂ.ಮೀ. ಹೊಲಿಗೆಗೆ, ಉಳಿದ 6 ಸೆಂ.ಮೀ. ಕೆಳಗಿನ ಮಡಿಕೆಗೆ. ಸೆರಗಿನ ಪಟ್ಟೆಗಳು ಹೀಗೆ ಮಗುವಿನ ಸುತ್ತ ಅಡ್ಡಲಾಗಿ ಬರುತ್ತವೆ, ಎರಡು ಅಂಚುಗಳು ಬೆನ್ನಿನ ನಡುವೆ ಕೂಡುತ್ತವೆ.

ಫ್ರಾಕಿನ ಮೇಲ್ಭಾಗಕ್ಕೆ, ಅಂದರೆ ‘ಬಾಡಿ’ಗೆ, ಎದೆಯಳತೆ 52 ಸೆಂ.ಮೀ. ಎಂದುಕೊಳ್ಳೋಣ. ಅದರ ಕಾಲುಭಾಗ 13, ಆಡಲು ಸಡಿಲ 2, ಹೊಲಿಗೆ 1.5, ಒಟ್ಟು 16.5 ಸೆಂ.ಮೀ. ಅಗಲ, ಭುಜದಿಂದ ಸೊಂಟಕ್ಕೆ 22 ಸೆಂ.ಮೀ., ಮೇಲೆ ಕೆಳಗೆ ಹೊಲಿಗೆ ಸೇರಿ 25. ಕಂಕುಳಿನ ಆಳ 13, ಕೊರಳಿನ ಅರ್ಧ ಅಗಲ 5, ಮುಂದಿನ ಆಳ 6, ಹಿಂದಿನ ಆಳ 3. ಮೊದಲು ಹಳೆ ಪತ್ರಿಕೆಯ ಮೇಲೆ ಬರೆದು ಕತ್ತರಿಸಿ, ಮಗುವಿಗೆ ಸರಿಹೋಗುವ ಅಂಗಿಯೊಂದರ ಮೇಲಿಟ್ಟು ನೋಡಿದ ಮೇಲೆಯೇ ಬಟ್ಟೆಗೆ ಕತ್ತರಿ ಹಾಕಬೇಕು. ಈ ಕೊರಳಿನ ಸುತ್ತಳತೆ ಸುಮಾರು 30 ಸೆಂ.ಮೀ. ಆಗುತ್ತದೆ, ಮಗುವಿನ ತಲೆಯ ಸುತ್ತಳತೆಯಾದರೋ 49ರ ಹತ್ತಿರವಿರುತ್ತದೆ. ಹಾಗಾಗಿ ಬೆನ್ನಿನ ನಡುವೆ 12 ಸೆಂ.ಮೀ. ಸೀಳು ಬಿಟ್ಟು ಗುಂಡಿ ಇಡದಿದ್ದರೆ ಫ್ರಾಕು ಎಷ್ಟೇ ಚೆಂದ ಬಂದರೂ ತಲೆಯಲ್ಲಿ ಇಳಿಯುವುದಿಲ್ಲ. ಕೊರಳಿಗೂ ತೋಳಿಗೂ ಟೈಲರುಗಳು ಕ್ರಾಸ್ ಪಟ್ಟಿ ಎನ್ನುವ ಓರೆಯಾಗಿ ಕತ್ತರಿಸಿದ ಪಟ್ಟಿಯನ್ನೇ ಹಚ್ಚಬೇಕು, ನೇರ ಪಟ್ಟಿ ತಿರುವಿನಲ್ಲಿ ಬಾಗುವುದಿಲ್ಲ.

ಘೇರಿನ ಮೇಲಂಚಿಗೆ ಮಷೀನಿನ ಅತಿ ಉದ್ದದ ಹೊಲಿಗೆಯಲ್ಲಿ ಎರಡು ಸಾಲು ಹಾಕಿ, ಬಾಬಿನ್ ದಾರಗಳನ್ನು (ಮಷೀನಿನ ಅಡಿಯಿಂದ ಬರುವ ದಾರಗಳನ್ನು) ಮಾತ್ರ ಎಳೆದರೆ ಸಮನಾದ ನೆರಿಗೆ ಬೀಳುತ್ತದೆ. ಬಾಡಿಯ ಕೆಳಸುತ್ತು 60 ಸೆಂ.ಮೀ., ಘೇರಿನ ಅಗಲ ಅದರ ಸುಮಾರು ಎರಡು ಪಟ್ಟು ಇರುವುದರಿಂದ ನೆರಿಗೆ ತೆಳುವೂ ಆಗದು, ಗುಪ್ಪೆಯೂ ಆಗದು. ರೇಷ್ಮೆಯಂತೆ ನುಣುಪಾದ ಸೆರಗಿಗೆ 11 ನಂಬರಿನ ಸೂಜಿಯನ್ನೂ ಹತ್ತಿಗೆ 14 ನಂಬರಿನದನ್ನೂ ಹಾಕಬೇಕು. ಕೆಳಗಿನ 6 ಸೆಂ.ಮೀ. ಮಡಿಕೆಯನ್ನು ಮಷೀನಿನಲ್ಲಿ ಹೊಲಿಯದೆ ಕೈಯಲ್ಲಿಯೇ ಹೆಮ್ಮಿಂಗ್ ಮಾಡಿರಿ. ಮುಂದಿನ ವರ್ಷ ಮಗು ಬೆಳೆದಾಗ ಅದನ್ನು ಬಿಚ್ಚಿ ಇಳಿಸುವಾಗ ಸೆರಗಿನ ಮೇಲೆ ಮಷೀನ್ ಸೂಜಿಯ ತೂತುಗಳ ಸಾಲು ಕಾಣಬಾರದು.