ಪೆನ್ ಟ್ಯಾಬ್ಲೆಟ್ ಕೊಳ್ಳುವ ಮುಂಚೆ ಒಂದು ಹಾಳೆ ಮಡಚಿ

ಹೋದ ಮಳೆಗಾಲದಲ್ಲಿ ಅಕ್ಕನ ಮಗ ಮುಂಬಯಿ ಪಕ್ಕದ ಡೊಂಬಿವಲಿಯ ನಮ್ಮ ಮನೆಗೆ ಒಂದು ದೊಡ್ಡ ಡಬ್ಬಿ ಹೊತ್ತುಕೊಂಡು ಬಂದ. ಮದುವೆ ಫೋಟೊ ತೆಗೆಯುವ ಹುಡುಗ. "ಚಿಕ್ಕಮ್ಮಾ, ಇದು ನನ್ನ ಕೈಗೆ ಹತ್ತೋದೇ ಇಲ್ಲ. ನೀನೇ ಇಟ್ಕೋ" ಅಂದ. ಡಬ್ಬಿಯ ಮೇಲೆ 16384 ಅಂತ ಅಂಗೈಯಗಲದ ಅಂಕಿ. ಒಳಗಿದ್ದದ್ದು ಪೆನ್ ಟ್ಯಾಬ್ಲೆಟ್, ಅಂದರೆ ಮೌಸ್ ಬದಲು ಪೆನ್ನಿನಿಂದ ಕಂಪ್ಯೂಟರ್ ನಡೆಸುವ ಹಲಗೆ. ಅದಕ್ಕೆ ಏನೂ ಆಗಿರಲಿಲ್ಲ. ತೊಂದರೆ ಇದ್ದದ್ದು ಅವನ ಮೇಜಿನಲ್ಲಿ. ಎರಡಡಿ ಅಗಲದ ಮೇಜು. ಟ್ಯಾಬ್ಲೆಟ್ ಮುಂದಿಟ್ಟರೆ ಕೀಬೋರ್ಡ್ ಹಾಸಿಗೆ ಮೇಲೆ, ಕೀಬೋರ್ಡ್ ಮುಂದಿಟ್ಟರೆ ಟ್ಯಾಬ್ಲೆಟ್ ತೊಡೆ ಮೇಲೆ. ಮೂರನೇ ದಿನ ಮತ್ತೆ ಮೌಸ್ ಹಿಡಿದಿದ್ದ.

ಇಂಥ ಡಬ್ಬಿಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಹದಿನೈದು ವರ್ಷದಿಂದ ಮದುವೆ ಆಲ್ಬಮ್ ತಿದ್ದುವುದೇ ನನ್ನ ಕೆಲಸ. ಫೋಟೊ ತಿದ್ದಲು ಟ್ಯಾಬ್ಲೆಟ್ ಬೇಕೇ ಬೇಕು. ಆದರೆ ಚಿತ್ರ ಬಿಡಿಸುವವರಿಗೆ ಬೇಕಾದ ಟ್ಯಾಬ್ಲೆಟ್ ಬೇರೆ, ನಮಗೆ ಬೇಕಾದದ್ದು ಬೇರೆ. ಅಂಗಡಿಯವರು ಇದನ್ನು ಹೇಳುವುದಿಲ್ಲ.

ಮೊದಲು: ಪರದೆ ಇಲ್ಲದ್ದೇ ಸಾಕು

ಟ್ಯಾಬ್ಲೆಟ್‌ನಲ್ಲಿ ಎರಡು ಬಗೆ. ಒಂದು ಬರೀ ಕಪ್ಪು ಹಲಗೆ, ಕೈ ಅದರ ಮೇಲೆ, ಕಣ್ಣು ಮಾನಿಟರ್ ಮೇಲೆ. ಇನ್ನೊಂದು ಪರದೆ ಇರುವುದು, ನೇರವಾಗಿ ಚಿತ್ರದ ಮೇಲೇ ಗೀಚಬಹುದು. ಎರಡನೆಯದು ನೋಡಲು ಚಂದ. ಫೋಟೊ ತಿದ್ದುವವರು ಅದರ ಹಿಂದೆ ಹೋಗಬೇಡಿ. ಮದುಮಗಳ ಗಲ್ಲ ತಿದ್ದುವಾಗ ನಿಮ್ಮ ಕೈ ಅವಳ ಅರ್ಧ ಮುಖ ಮುಚ್ಚಿರುತ್ತದೆ. ದಿನಕ್ಕೆ ಆರು ಗಂಟೆ ಬಗ್ಗಿ ಕೂತರೆ ಕುತ್ತಿಗೆ ಹೋಯಿತು. ಜೊತೆಗೆ ಆ ಪರದೆಯ ಬಣ್ಣ ಒಂದು, ಮಾನಿಟರ್‌ನ ಬಣ್ಣ ಇನ್ನೊಂದು. ಅರಿಶಿನ ಹಚ್ಚಿದ ಮುಖ ಯಾವುದರಲ್ಲಿ ಸರಿ ಕಾಣುತ್ತಿದೆ ಅನ್ನುವುದೇ ಗೊತ್ತಾಗುವುದಿಲ್ಲ. ಉಳಿದ ದುಡ್ಡನ್ನು ಒಳ್ಳೆ ಮಾನಿಟರ್‌ಗೆ ಹಾಕಿ.

ಅಳತೆ: ಎಲ್ಲರೂ ಎಡವುವ ಜಾಗ

ಒಂದು ಎ4 ಹಾಳೆ ತೆಗೆದುಕೊಳ್ಳಿ. ಅರ್ಧಕ್ಕೆ ಮಡಚಿದರೆ 210 ಮಿಲಿಮೀಟರ್‌ಗೆ 148. ಮೀಡಿಯಮ್ ಟ್ಯಾಬ್ಲೆಟ್‌ನಲ್ಲಿ ಪೆನ್ನು ಓಡಾಡುವ ಜಾಗ ಹೆಚ್ಚುಕಡಿಮೆ ಇಷ್ಟೇ. ವಾಕಾಮ್ ಕಂಪನಿಯ ಮೀಡಿಯಮ್‌ನಲ್ಲಿ 216ಕ್ಕೆ 135. ಇನ್ನೊಂದು ಸಲ ಮಡಚಿದರೆ ಸ್ಮಾಲ್. ವಾಕಾಮ್‌ನಲ್ಲಿ ಅದು 152ಕ್ಕೆ 95. ಅಂಚು, ಬಟನ್ ಎಲ್ಲ ಸೇರಿದರೆ ಮೀಡಿಯಮ್ ಟ್ಯಾಬ್ಲೆಟ್ ಬಿಡಿಸಿದ ಎ4 ಹಾಳೆಯ ಹತ್ತಿರಕ್ಕೆ ಬರುತ್ತದೆ. ಈಗ ಆ ಹಾಳೆಯನ್ನು ಬಿಡಿಸಿ ನಿಮ್ಮ ಮೇಜಿನ ಮೇಲೆ, ಕೀಬೋರ್ಡ್ ಪಕ್ಕ ಇಡಿ. ಒಂದು ಇಡೀ ದಿನ ಅಲ್ಲೇ ಬಿಡಿ. ಚಹಾ ಲೋಟ ಇಡಲು ಜಾಗ ಸಿಗದೆ ಹಾಳೆಯನ್ನು ಎಷ್ಟು ಸಲ ಎತ್ತಿಟ್ಟಿರಿ ಅಂತ ಲೆಕ್ಕ ಹಾಕಿ. ಮುಂಬಯಿಯ ಖೋಲಿಗಳಲ್ಲಿ ಈ ಪರೀಕ್ಷೆಯಲ್ಲೇ ಅರ್ಧ ತೀರ್ಮಾನ ಆಗಿಬಿಡುತ್ತದೆ.

ಉಳಿದ ಅರ್ಧ ತೀರ್ಮಾನ ಮಾನಿಟರ್‌ನದು. 24 ಇಂಚಿನ ಮಾನಿಟರ್ ಸುಮಾರು 53 ಸೆಂಟಿಮೀಟರ್ ಅಗಲ. ಅದಕ್ಕೆ ಸ್ಮಾಲ್ ಟ್ಯಾಬ್ಲೆಟ್ ಜೋಡಿಸಿದರೆ ಕೈ ಒಂದು ಮಿಲಿಮೀಟರ್ ಸರಿದಾಗ ಕರ್ಸರ್ ಮೂರೂವರೆ ಮಿಲಿಮೀಟರ್ ಜಿಗಿಯುತ್ತದೆ. ರೆಪ್ಪೆಯ ಅಂಚಿಗೆ ಹೋಗಬೇಕಾದ ಬ್ರಷ್ ಹುಬ್ಬಿಗೆ ಹೋಗುತ್ತದೆ. ಮೀಡಿಯಮ್‌ನಲ್ಲಿ ಅದೇ ಜಿಗಿತ ಎರಡೂವರೆಗೆ ಇಳಿಯುತ್ತದೆ. 15.6 ಇಂಚಿನ ಲ್ಯಾಪ್‌ಟಾಪ್ ಆದರೆ ಸ್ಮಾಲ್‌ನಲ್ಲೇ ಎರಡೂಕಾಲು ಮಿಲಿಮೀಟರ್ ಸುತ್ತ ನಿಲ್ಲುತ್ತದೆ. ಹಾಗಾಗಿ ಲ್ಯಾಪ್‌ಟಾಪ್‌ಗೆ ಸ್ಮಾಲ್, 24 ಇಂಚು ಅಥವಾ ಅದಕ್ಕಿಂತ ದೊಡ್ಡ ಮಾನಿಟರ್‌ಗೆ ಮೀಡಿಯಮ್. ಲಾರ್ಜ್ ಯಾರಿಗೂ ಬೇಡ. ಅದರಲ್ಲಿ ಮಣಿಕಟ್ಟಿನ ಬದಲು ಇಡೀ ತೋಳು ಆಡಿಸಬೇಕು. ನಾಲ್ಕುನೂರು ಫೋಟೊ ಮುಗಿಸುವಷ್ಟರಲ್ಲಿ ಭುಜ ಕೈಗೆ ಬಂದಿರುತ್ತದೆ.

ಅಂಗೈಗಿಂತ ಚಿಕ್ಕ ಟ್ಯಾಬ್ಲೆಟ್‌ಗಳೂ ಬಹಳ ಅಗ್ಗಕ್ಕೆ ಸಿಗುತ್ತವೆ. ಅವು ಆನ್‌ಲೈನ್ ಸಹಿಗೆ, ಗೇಮ್‌ಗೆ. ಫೋಟೊಗೆ ಅಲ್ಲ.

ಅಂಗಡಿಯಲ್ಲಿ: ಪೆನ್ನಿನ ತೂಕದಿಂದಲೇ ಗೆರೆ ಬರಬೇಕು

ಹಿಂದೆ ಸ್ಟುಡಿಯೊಗಳಲ್ಲಿ ನೆಗೆಟಿವ್ ಮೇಲೇ ಪೆನ್ಸಿಲ್‌ನಿಂದ ತಿದ್ದುತ್ತಿದ್ದರು. ಮುಖದ ಸುಕ್ಕು ಪ್ರಿಂಟಿನಲ್ಲಿ ಕಪ್ಪು, ನೆಗೆಟಿವ್‌ನಲ್ಲಿ ತಿಳಿ. ಸೂಜಿಯ ಹಾಗೆ ಹೆರೆದ ಪೆನ್ಸಿಲ್‌ನಿಂದ ಆ ತಿಳಿ ಗೆರೆಗೆ ಸೀಸ ತುಂಬಿದರೆ ಪ್ರಿಂಟಿನಲ್ಲಿ ಸುಕ್ಕು ಇರುವುದಿಲ್ಲ. ನನಗೆ ಕೆಲಸ ಕಲಿಸಿದ ದಾದರ್‌ನ ಹಿರಿಯರು ಹೀಗೇ ಶುರು ಮಾಡಿದವರು. ಪೆನ್ಸಿಲ್ ತಾಕಿತೋ ಇಲ್ಲವೋ ಅನ್ನಬೇಕು, ಅಷ್ಟು ಹಗುರ ಇರಬೇಕು ಅನ್ನುತ್ತಿದ್ದರು. ನಾನು ಟ್ಯಾಬ್ಲೆಟ್ ಆರಿಸುವುದೂ ಅದೊಂದನ್ನೇ ನೋಡಿ.

ಯಾಕೆಂದರೆ ಕಣ್ಣಿನ ಕೆಳಗಿನ ಕಪ್ಪನ್ನು ಒಂದೇ ಏಟಿಗೆ ತೆಗೆಯುವ ಹಾಗಿಲ್ಲ. ಬ್ರಷ್‌ನ ಫ್ಲೋ, ಅಂದರೆ ಒಂದು ಸಲಕ್ಕೆ ಬೀಳುವ ಬಣ್ಣ, ಎರಡು ಮೂರು ಪರ್ಸೆಂಟ್‌ಗೆ ಇಟ್ಟುಕೊಂಡು ಹತ್ತು ಹದಿನೈದು ಸಲ ಸವರಬೇಕು. ಪೆನ್ನು ಒತ್ತಿದ ಮೇಲೇ ಎಚ್ಚರ ಆಗುವಂಥದ್ದಾದರೆ ಮೊದಲ ಸಲಕ್ಕೇ ಚುಕ್ಕೆ ಬೀಳುತ್ತದೆ, ಮುಖಕ್ಕೆ ಮೈದಾ ಮೆತ್ತಿದ ಹಾಗೆ ಕಾಣುತ್ತದೆ. ಈಗಿನ ಮದುವೆ ಆಲ್ಬಮ್‌ಗಳಲ್ಲಿ ಆ ಮೈದಾ ಮುಖ ಎಷ್ಟಿವೆ ನೋಡಿ.

ಮುಂಬಯಿಯ ಎಲೆಕ್ಟ್ರಾನಿಕ್ಸ್ ಅಂಗಡಿಗಳ ಬೀದಿ ಲ್ಯಾಮಿಂಗ್ಟನ್ ರೋಡ್‌ಗೆ ಹೋಗುವಾಗ ನಿಮ್ಮದೇ ಲ್ಯಾಪ್‌ಟಾಪ್ ಒಯ್ಯಿರಿ. ನಾವು ಸೆಂಟ್ರಲ್ ಲೈನಿನವರು ದಾದರ್‌ನಲ್ಲಿ ಗಾಡಿ ಬದಲಿಸಿ ಗ್ರಾಂಟ್ ರೋಡ್‌ನಲ್ಲಿ ಇಳಿದರೆ ಪೂರ್ವಕ್ಕೆ ನಡೆದೇ ಹೋಗಬಹುದು. ಭಾನುವಾರ ಬೇಡ, ಹೆಚ್ಚಿನ ಅಂಗಡಿ ಮುಚ್ಚಿರುತ್ತವೆ. ಲ್ಯಾಪ್‌ಟಾಪ್‌ನಲ್ಲಿ ಮೊದಲೇ ಕ್ರಿಟಾ ಅನ್ನುವ ಚಿತ್ರ ಬಿಡಿಸುವ ಸಾಫ್ಟ್‌ವೇರ್ ಹಾಕಿಕೊಂಡಿರಿ, ಪುಕ್ಕಟೆ ಸಿಗುತ್ತದೆ. ಅದರಲ್ಲಿ ಬ್ರಷ್‌ನ ಸ್ಮೂದಿಂಗ್ ಪೂರ್ತಿ ತೆಗೆದುಬಿಡಿ. ಇಲ್ಲದಿದ್ದರೆ ಕೆಟ್ಟ ಟ್ಯಾಬ್ಲೆಟ್‌ನ ನಡುಕವನ್ನು ಸಾಫ್ಟ್‌ವೇರ್ ಮುಚ್ಚಿಹಾಕುತ್ತದೆ.

ಮೊದಲ ಪರೀಕ್ಷೆ ಇದು. ಪೆನ್ನನ್ನು ಬರೆಯುವಂತೆ ಹಿಡಿಯಬೇಡಿ. ಬಾಲದ ತುದಿಯನ್ನು ಎರಡೇ ಬೆರಳಲ್ಲಿ ಸಡಿಲವಾಗಿ ಹಿಡಿದು, ಪೆನ್ನಿನ ತೂಕ ಬಿಟ್ಟರೆ ಬೇರೆ ಏನೂ ಬೀಳದ ಹಾಗೆ ಹಲಗೆಯ ಮೇಲೆ ಎಳೆಯಿರಿ. ತೆಳುವಾದ, ಎಲ್ಲೂ ಕಡಿಯದ ಗೆರೆ ಬರಬೇಕು. ಗೆರೆ ಬರಲೇ ಇಲ್ಲವೋ, ನಡುನಡುವೆ ಕಡಿಯಿತೋ, ಪೆನ್ನು ವಾಪಸ್ ಕೊಡಿ. ಎರಡನೆಯದು, ಪ್ಲಾಸ್ಟಿಕ್ ಸ್ಕೇಲ್ ಇಟ್ಟು ಮೂಲೆಯಿಂದ ಮೂಲೆಗೆ ನಿಧಾನವಾಗಿ, ಬಹಳ ನಿಧಾನವಾಗಿ, ಓರೆ ಗೆರೆ ಎಳೆಯಿರಿ. ಬೇಗ ಎಳೆದರೆ ಎಲ್ಲ ಟ್ಯಾಬ್ಲೆಟ್ಟೂ ಪಾಸ್. ನಿಧಾನ ಎಳೆದಾಗ ಗೆರೆ ಹಾವಿನ ಹಾಗೆ ಅಲೆದರೆ ಬೇಡ. ಮೂರನೆಯದು, ಕಣ್ಣಿಗೆ ಕಾಡಿಗೆ ತೀಡುವ ಹಾಗೆ ಸಣ್ಣದಾಗಿ ಶುರು ಮಾಡಿ, ನಡುವೆ ದಪ್ಪ, ಕೊನೆಗೆ ಮತ್ತೆ ಸಣ್ಣ. ಕೊನೆ ಮೊಂಡಾಗಿ ನಿಂತರೆ ಅದು ನಮಗಲ್ಲ.

ಡಬ್ಬಿ ಬಿಚ್ಚಲು ಒಪ್ಪದ ಅಂಗಡಿಯಲ್ಲಿ ಕೊಳ್ಳಬೇಡಿ. ನಾನೊಮ್ಮೆ ಹಾಗೆ ಕೊಂಡೆ. ಪೆನ್ನಿಗೆ ಸೆಲ್ ಹಾಕಬೇಕು ಅನ್ನುವುದು ಮನೆಗೆ ಬಂದ ಮೇಲೆ ಗೊತ್ತಾಯಿತು. ನಾಳೆ ಆಲ್ಬಮ್ ಕೊಡಬೇಕು ಅನ್ನುವ ರಾತ್ರಿ ಹನ್ನೊಂದಕ್ಕೆ ಸೆಲ್ ಮುಗಿಯಿತು. ಅಂಗಡಿಯವ ಮಾರನೇ ದಿನ ನನ್ನ ಗುರುತೇ ಇಲ್ಲದವನ ಹಾಗೆ ಮುಖ ಮಾಡಿದ. ಆನ್‌ಲೈನ್‌ನಲ್ಲಿ ತರಿಸಿದರೆ ಈ ಮೂರೂ ಪರೀಕ್ಷೆಯನ್ನು ಬಂದ ದಿನವೇ ಮಾಡಿ, ವಾಪಸ್ ಕೊಡುವ ಗಡುವು ಮುಗಿಯುವ ಮುಂಚೆ.

ಸೆಲ್ ಇಲ್ಲದ ಪೆನ್ನನ್ನೇ ಕೇಳಿ ಪಡೆಯಿರಿ. ಹಲಗೆಯೊಳಗಿನ ತಂತಿಗಳು ಕಾಂತಕ್ಷೇತ್ರ ಎಬ್ಬಿಸುತ್ತವೆ, ಪೆನ್ನಿನೊಳಗಿನ ಪುಟ್ಟ ಸುರುಳಿ ಅದರಿಂದಲೇ ಕರೆಂಟು ಪಡೆದು ತಾನೆಲ್ಲಿದ್ದೇನೆ ಅಂತ ತಿಳಿಸುತ್ತದೆ. 1983ರಲ್ಲಿ ಜಪಾನಿನಲ್ಲಿ ಶುರುವಾದ ವಾಕಾಮ್ ಇದರಿಂದಲೇ ಹೆಸರು ಮಾಡಿತು. ಈಗ ಹ್ಯುಯಾನ್, ಎಕ್ಸ್‌ಪಿ-ಪೆನ್‌ನಲ್ಲೂ ಸೆಲ್ ಇಲ್ಲದ ಪೆನ್ನು ಬರುತ್ತದೆ, ಬೆಲೆಯೂ ಕಡಿಮೆ. ನನ್ನ ಕೈ ವಾಕಾಮ್‌ಗೆ ಒಗ್ಗಿದೆ, ಅದನ್ನೇ ಹೇಳುತ್ತೇನೆ. ಮೊದಲ ಟ್ಯಾಬ್ಲೆಟ್ ಆದರೆ ಮೂರು ಪರೀಕ್ಷೆ ಪಾಸಾದ ಯಾವುದಾದರೂ ನಡೆಯುತ್ತದೆ.

ತಲೆ ಕೆಡಿಸಿಕೊಳ್ಳಬಾರದ ಅಂಕಿಗಳು

8192, 16384 ಅಂತ ಬರೆದಿರುವುದು ಒತ್ತಡದ ಮೆಟ್ಟಿಲುಗಳ ಲೆಕ್ಕ. ವಾಕಾಮ್‌ನ 2009ರ ಇಂಟುವೊಸ್ 4ರಲ್ಲಿ ಇದ್ದದ್ದು 2048. ಅದರಲ್ಲಿ ನಾನು ವರ್ಷಗಟ್ಟಲೆ ದುಡಿದೆ, ಒಂದು ಮೆಟ್ಟಿಲೂ ಕಡಿಮೆ ಅನ್ನಿಸಲಿಲ್ಲ. ಪೆನ್ನು ಓರೆ ಮಾಡಿದ್ದು ಗೊತ್ತಾಗುವ ಟಿಲ್ಟ್ ಫೋಟೊಗೆ ಬೇಡ. ಬೆರಳಲ್ಲಿ ಮುಟ್ಟುವ ಟಚ್ ಇದ್ದರೆ ಮೊದಲ ದಿನವೇ ಆಫ್ ಮಾಡಿ. ಹಲಗೆಯ ಮೇಲಿನ ಬಟನ್‌ಗಳು ಇದ್ದರೆ ಇರಲಿ. ಎಡಗೈ ಹೇಗೂ ಕೀಬೋರ್ಡ್ ಮೇಲೇ ಇರುತ್ತದೆ ಅಲ್ವಾ.

ಮನೆಯಲ್ಲಿ: ಬಳೆಯ ಪರೀಕ್ಷೆ

ಹಳೇ ಟ್ಯಾಬ್ಲೆಟ್‌ನ ಡ್ರೈವರ್, ಅಂದರೆ ಅದನ್ನು ನಡೆಸುವ ಸಾಫ್ಟ್‌ವೇರ್, ಇದ್ದರೆ ಮೊದಲು ಅದನ್ನು ತೆಗೆದುಹಾಕಿ ಕಂಪ್ಯೂಟರ್ ಒಮ್ಮೆ ಆರಿಸಿ ಹಚ್ಚಿ. ಎರಡು ಡ್ರೈವರ್ ಒಂದೇ ಮನೆಯಲ್ಲಿದ್ದರೆ ಜಗಳ ತಪ್ಪಿದ್ದಲ್ಲ. ಆಮೇಲೆ ಕಂಪನಿಯ ವೆಬ್‌ಸೈಟಿನಿಂದಲೇ ಹೊಸ ಡ್ರೈವರ್ ಇಳಿಸಿಕೊಳ್ಳಿ. ಮ್ಯಾಕ್ ಆದರೆ ಪ್ರೈವೆಸಿ ಸೆಟ್ಟಿಂಗ್‌ನಲ್ಲಿ ಅದಕ್ಕೆ ಅನುಮತಿ ಕೊಡಬೇಕು, ಇಲ್ಲದಿದ್ದರೆ ಪೆನ್ನು ಸತ್ತಂತೆ ಬಿದ್ದಿರುತ್ತದೆ.

ಈಗ ಹೆಚ್ಚಿನವರು ಮುಟ್ಟದೆ ಬಿಡುವ ಕೆಲಸ. ಅಗಲ ಎತ್ತರಗಳ ಅನುಪಾತ ಟ್ಯಾಬ್ಲೆಟ್‌ನಲ್ಲಿ ಸಾಮಾನ್ಯವಾಗಿ 16:10, ಮಾನಿಟರ್‌ನಲ್ಲಿ 16:9. ಹಾಗೇ ಬಿಟ್ಟರೆ ನೀವು ಬಿಡಿಸಿದ ದುಂಡು ತೆರೆಯ ಮೇಲೆ ಶೇ 11ರಷ್ಟು ಅಗಲವಾಗುತ್ತದೆ. ಕೈ ಒಂದು ಆಕಾರ ಬಿಡಿಸುತ್ತದೆ, ಕಣ್ಣು ಇನ್ನೊಂದನ್ನು ನೋಡುತ್ತದೆ. ಗದ್ದದ ಅಂಚು, ಮೂಗಿನ ಹೊಳ್ಳೆ ಎಂದೂ ಸರಿ ಬರುವುದಿಲ್ಲ. "ನನ್ನ ಕೈಯೇ ಸರಿ ಇಲ್ಲ" ಅಂತ ಜನ ಕೈಬಿಡುವುದು ಇಲ್ಲೇ. ಡ್ರೈವರ್‌ನಲ್ಲಿ 'ಫೋರ್ಸ್ ಪ್ರಪೋರ್ಷನ್ಸ್' ಅಂತಲೋ ಅನುಪಾತ ಉಳಿಸುವ ಇನ್ನಾವುದೋ ಹೆಸರಿನಲ್ಲೋ ಒಂದು ಟಿಕ್ ಇರುತ್ತದೆ. ಅದನ್ನು ಹಾಕಿ. ಮೀಡಿಯಮ್‌ನಲ್ಲಿ ಹದಿಮೂರೂವರೆ ಮಿಲಿಮೀಟರ್‌ನಷ್ಟು ಪಟ್ಟಿ ಕೆಲಸಕ್ಕೆ ಬಾರದೆ ಉಳಿಯುತ್ತದೆ, ಉಳಿಯಲಿ.

ಸರಿಯಾಯಿತೋ ನೋಡಲು ಒಂದು ಬಳೆ ಹಲಗೆಯ ಮೇಲಿಟ್ಟು ಒಳಗಡೆಯಿಂದ ಸುತ್ತ ಗೆರೆ ಎಳೆಯಿರಿ. ಗಾಜಿನ ಬಳೆಯೇ ಇರಲಿ. ಚಿನ್ನ, ತಾಮ್ರದ್ದಾದರೆ ಲೋಹ ಆ ಕಾಂತಕ್ಷೇತ್ರವನ್ನು ಕೆಡಿಸುತ್ತದೆ, ಪೆನ್ನು ದಾರಿ ತಪ್ಪುತ್ತದೆ. ತೆರೆಯ ಮೇಲೆ ಬಳೆಯಂಥದೇ ದುಂಡು ಬಂದರೆ ಸರಿ. ಮೊಟ್ಟೆ ಬಂದರೆ ಮತ್ತೆ ಡ್ರೈವರ್‌ಗೆ ಹೋಗಿ. ಎರಡು ಮಾನಿಟರ್ ಇದ್ದರೆ ಟ್ಯಾಬ್ಲೆಟ್ ಅನ್ನು ಒಂದಕ್ಕೇ ಕಟ್ಟಿ. ಎರಡಕ್ಕೂ ಹರಡಿದರೆ ಅಷ್ಟು ಲೆಕ್ಕ ಹಾಕಿ ಕೊಂಡ ಅಳತೆ ಅರ್ಧಕ್ಕೆ ಇಳಿಯುತ್ತದೆ.

ವಿಂಡೋಸ್‌ನಲ್ಲಿ ಪೆನ್ನನ್ನು ಒಂದು ಕ್ಷಣ ಹಿಡಿದಿಟ್ಟರೆ ಸಣ್ಣ ವೃತ್ತವೊಂದು ಮೂಡಿ ರೈಟ್ ಕ್ಲಿಕ್ ಆಗುತ್ತದೆ. ಅದು ಇರುವಾಗ ಹಗುರವಾಗಿ ಸವರಲು ಆಗುವುದಿಲ್ಲ. ಕಂಟ್ರೋಲ್ ಪ್ಯಾನೆಲ್‌ನ 'ಪೆನ್ ಅಂಡ್ ಟಚ್' ಒಳಗೆ ಅದನ್ನು ತೆಗೆದುಬಿಡಿ.

ಫೋಟೊಶಾಪ್‌ನಲ್ಲಿ

ಒತ್ತಡವನ್ನು ಬ್ರಷ್‌ನ ಗಾತ್ರಕ್ಕೆ ಕಟ್ಟಬೇಡಿ. ಬ್ರಷ್ ಸೆಟ್ಟಿಂಗ್‌ನ ಟ್ರಾನ್ಸ್‌ಫರ್‌ಗೆ ಹೋಗಿ ಫ್ಲೋಗೆ ಕಟ್ಟಿ. ಫೋಟೊದ ಮೇಲೆ ನಡುಬೂದು ತುಂಬಿದ ಒಂದು ಲೇಯರ್ ಮಾಡಿ, ಅದರ ಬ್ಲೆಂಡ್ ಮೋಡ್ ಅನ್ನು ಸಾಫ್ಟ್ ಲೈಟ್‌ಗೆ ಹಾಕಿ, ಬಿಳಿ ಬ್ರಷ್‌ನಿಂದ ನೆರಳು ಎತ್ತಿ, ಕಪ್ಪಿನಿಂದ ಮಿಂಚು ಇಳಿಸಿ. ಮೊಡವೆ ಹೋಗಲಿ, ಮಚ್ಚೆ ಇರಲಿ. ಮದುಮಗಳ ಮಚ್ಚೆ ತೆಗೆದು ಅವಳ ಅಮ್ಮನಿಂದ ಬೈಸಿಕೊಂಡವಳು ನಾನು.

ಮೊದಲ ವಾರ ಕೈ ಮಾತು ಕೇಳುವುದಿಲ್ಲ. ಮೌಸ್ ಕಣ್ಣಿಗೆ ಬೀಳದ ಹಾಗೆ ಕಪಾಟಿನಲ್ಲಿಡಿ, ಮೇಲ್ ನೋಡುವುದನ್ನೂ ಪೆನ್ನಿನಲ್ಲೇ ಮಾಡಿ. ಅಕ್ಕನ ಮಗನಿಗೆ ನನ್ನ ಹಳೇ ಸ್ಮಾಲ್ ಕೊಟ್ಟು ಕಳಿಸಿದೆ, ಅವನ ಮೌಸ್ ಇಸ್ಕೊಂಡೆ. ಹತ್ತು ದಿನ ಫೋನಿನಲ್ಲಿ ಬೈದ, ಆಮೇಲೆ ಫೋನೇ ಇಲ್ಲ.

ಮೇ ತಿಂಗಳಲ್ಲಿ ಅಂಗೈ ಬೆವತು ಹಲಗೆಗೆ ಅಂಟುತ್ತದೆ. ಅದಕ್ಕೆ ಎರಡು ಬೆರಳಿನ ಗ್ಲೌಸ್ ಅಂತ ಮಾರುತ್ತಾರೆ. ಹಳೇ ಹತ್ತಿ ಕಾಲುಚೀಲದ ಕಾಲಿನ ಭಾಗ ಕತ್ತರಿಸಿ ಹೆಬ್ಬೆರಳಿಗೊಂದು ತೂತು ಮಾಡಿದರೆ ಅದೇ ಕೆಲಸ ಆಗುತ್ತದೆ. ಪೌಡರ್ ಮಾತ್ರ ಹಾಕಬೇಡಿ, ಬಟನ್ ಸಂದಿಗೆ ಹೋಗಿ ಕೂರುತ್ತದೆ.

ಪೆನ್ನಿನ ನಿಬ್ಬು ಸವೆಯುತ್ತದೆ. ತಿಂಗಳಿಗೊಮ್ಮೆ ಉಗುರಿನ ಮೇಲೆ ಗೀರಿ ನೋಡಿ. ಅಂಚು ಚುಚ್ಚಿದರೆ ಬದಲಿಸಿ, ಇಲ್ಲದಿದ್ದರೆ ಹಲಗೆಗೆ ಗೀರು ಬೀಳುತ್ತದೆ. ನಿಬ್ಬು ಕೀಳಲು ಡಬ್ಬಿಯಲ್ಲಿ ಪುಟ್ಟ ರಿಂಗ್ ಒಂದು ಬಂದಿರುತ್ತದೆ. ಅದು ಮೊದಲ ವಾರವೇ ಕಳೆದುಹೋಗುತ್ತದೆ. ಹುಬ್ಬು ಕೀಳುವ ಚಿಮಟದಲ್ಲೂ ನಿಬ್ಬು ಸಲೀಸಾಗಿ ಬರುತ್ತದೆ.