ಮೊದಲ ಮೀನುಗಾರಿಕೆ ದೋಣಿ: ಎಷ್ಟು ದೊಡ್ಡದು, ಎಷ್ಟು ಜೋರು?

ನನ್ನ ಮೊದಲ ದೋಣಿ 12 ಅಡಿಯದು, 15 ಎಚ್‌ಪಿ ಔಟ್‌ಬೋರ್ಡ್ ಎಂಜಿನ್, ಅಂದರೆ ಹಿಂಬದಿಗೆ ಹೊರಗಿನಿಂದ ಕೂರಿಸುವಂಥದ್ದು. ಕೊಳ್ಳುವ ಮುಂಚೆ ಒಂದು ಬೆಳಗ್ಗೆ, ಅಲೆಯೇ ಇಲ್ಲದ ನೀರಿನಲ್ಲಿ ಒಬ್ಬನೇ ಓಡಿಸಿ ನೋಡಿದೆ. ಬಾಣದಂತೆ ಹೋಯಿತು. ಆಮೇಲೊಂದು ದಿನ ಮೂವರು ಹತ್ತಿದೆವು. ಜೊತೆಗೆ ಐಸ್ ಪೆಟ್ಟಿಗೆ, ಪೆಟ್ರೋಲ್ ಕ್ಯಾನು, ಲಂಗರು. ಮಧ್ಯಾಹ್ನ ಗಾಳಿ ಎದ್ದಿತು. ಎಂಜಿನ್ ಪೂರ್ತಿ ಕೊಟ್ಟರೂ ಮೂತಿ ಮೇಲೆದ್ದು, ಹಿಂಬದಿ ಕೂತೇ ಇತ್ತು. ಹಿಂದಿನಿಂದ ಬಂದ ಅಲೆ ಅಂಚು ದಾಟಿ ಕಾಲ ಮೇಲೆ ಸುರಿಯಿತು. ದಡ ಸೇರುವವರೆಗೂ ಒಬ್ಬ ಬಕೆಟ್ ಕೆಳಗಿಡಲಿಲ್ಲ. ಅದಕ್ಕೇ ಹೇಳುತ್ತೇನೆ, ತುಂಬಿಕೊಂಡು ವಾಪಸ್ ಬರುವಾಗ ದೋಣಿ ಹೇಗಿರುತ್ತದೆ ಅಂತ ನೋಡಿ ಕೊಳ್ಳಿ.

ಮೊದಲು ತೂಕ ಬರೆದುಕೊಳ್ಳಿ: ಜನ, ಎಂಜಿನ್, ಐಸ್, ಸಿಗಬಹುದಾದ ಮೀನು. 50 ಲೀಟರ್ ಪೆಟ್ರೋಲೇ ಸುಮಾರು 37 ಕೆಜಿ ಆಗುತ್ತದೆ. ಎಷ್ಟು ಜನ, ಎಷ್ಟು ತೂಕ, ಹೆಚ್ಚೆಂದರೆ ಎಷ್ಟು ಎಚ್‌ಪಿ ಅಂತ ಎಷ್ಟೋ ದೋಣಿಗಳ ಮೇಲೆ ಫಲಕವೇ ಇರುತ್ತದೆ. ಇಲ್ಲದಿದ್ದರೆ, 20 ಅಡಿಯೊಳಗಿನ ದೋಣಿಗೆ ಒಂದು ಲೆಕ್ಕವಿದೆ. ಉದ್ದ, ಅಗಲವನ್ನು ಅಡಿಗಳಲ್ಲಿ ಗುಣಿಸಿ 15ರಿಂದ ಭಾಗಿಸಿ. 16 ಅಡಿ ಉದ್ದ, 6 ಅಡಿ ಅಗಲ ಇದ್ದರೆ 6 ಜನ. ಅದು ಸುಮ್ನೆ ಕೂತು ಹೋಗುವವರ ಲೆಕ್ಕ. ಗಾಳ ಹಾಕುವವರಾದರೆ ನಾನು ಅರ್ಧಕ್ಕಿಳಿಸುತ್ತೇನೆ. ಮೀನು ಕಚ್ಚಿತು ಅಂದರೆ ಎಲ್ಲರೂ ಒಂದೇ ಬದಿಗೆ ಬರುತ್ತಾರೆ, ಅಲ್ವಾ? ಉದ್ದಕ್ಕಿಂತ ಅಗಲಕ್ಕೆ ಜಾಸ್ತಿ ಬೆಲೆ ಕೊಡಿ. ದಡಕ್ಕೆ ಕಟ್ಟಿದ ದೋಣಿಯಲ್ಲಿ ಇಬ್ಬರು ಒಂದೇ ಅಂಚಿಗೆ ಬಂದು ನಿಲ್ಲಿ. ಅಂಚಿಗೂ ನೀರಿಗೂ ನಡುವೆ ಒಂದು ಗೇಣು ಉಳಿಯದಿದ್ದರೆ ಆ ದೋಣಿ ಬೇಡ.

ಕೆರೆ, ಹಿನ್ನೀರಿಗೆ ಚಪ್ಪಟೆ ತಳದ 14 ಅಡಿ ಸಾಕು. ನಿಂತಾಗ ಅಲುಗಾಡುವುದು ಕಡಿಮೆ. ಆದರೆ ಅದೇ ತಳ ಅಲೆಯ ಮೇಲೆ ಬಡಿಯುತ್ತದೆ. ತೆರೆದ ಕಡಲಿಗೆ ವಿ ಆಕಾರದ ತಳವೇ ಬೇಕು, 18 ಅಡಿಗೆ ಕಡಿಮೆ ನಾನಂತೂ ಹೇಳುವುದಿಲ್ಲ.

ಇನ್ನು ವೇಗ. ನೀರು ಸೀಳಿಕೊಂಡು ಹೋಗುವ ದೋಣಿಯ ವೇಗಕ್ಕೆ ಉದ್ದವೇ ಕಡಿವಾಣ. ನೀರಿಗೆ ತಾಗುವ ಉದ್ದ 16 ಅಡಿಯಾದರೆ ಅದರ ವರ್ಗಮೂಲ 4. ಅದನ್ನು 1.34ರಿಂದ ಗುಣಿಸಿದರೆ ಸುಮಾರು 5.4 ನಾಟ್, ಅಂದರೆ ಗಂಟೆಗೆ 10 ಕಿ.ಮೀ. ಅಂಥ ದೋಣಿಗೆ ದೊಡ್ಡ ಎಂಜಿನ್ ಕೂರಿಸಿದರೆ ಪೆಟ್ರೋಲ್ ಸುಡುತ್ತದೆ, ವೇಗ ಹೆಚ್ಚೇನೂ ಬರುವುದಿಲ್ಲ. ಜೋರಾಗಿ ಹೋಗಬೇಕೆಂದರೆ ನೀರಿನ ಮೇಲೆದ್ದು ಜಾರುವ ತಳ ಬೇಕು, ಅಷ್ಟೂ ತೂಕವನ್ನು ಎತ್ತುವ ಎಂಜಿನ್ ಬೇಕು. ನನ್ನ 12 ಅಡಿಯದಕ್ಕೆ ಆ ದಿನ ಆಗದೆ ಹೋದದ್ದು ಇದೇ.

ಆದರೂ 30 ನಾಟ್‌ಗೆ ಆಸೆಪಡಬೇಡಿ. ಅಲೆ ಎದ್ದರೆ ಅದನ್ನೂ 10-12ಕ್ಕೆ ಇಳಿಸಲೇಬೇಕು, ಬೆನ್ನು ತಡೆಯುವುದಿಲ್ಲ. ತೂಕ ತುಂಬಿ 20 ನಾಟ್ ಬಂದರೆ ಧಾರಾಳ. 40 ಎಚ್‌ಪಿ ಎಂಜಿನ್ ಪೂರ್ತಿ ಕೊಟ್ಟರೆ ಗಂಟೆಗೆ ಸುಮಾರು 15 ಲೀಟರ್ ಕುಡಿಯುತ್ತದೆ. ಟ್ಯಾಂಕಿನ ಮೂರರಲ್ಲಿ ಒಂದು ಪಾಲು ಹೋಗಲು, ಒಂದು ಬರಲು, ಒಂದು ಮುಟ್ಟದೆ ಇಡಲು. ನಿಧಾನವೂ ಮುಖ್ಯ. ಗಾಳ ಎಳೆದುಕೊಂಡು ಹೋಗಲು 2-3 ನಾಟ್‌ನಲ್ಲಿ ಎಂಜಿನ್ ತಡವರಿಸದೆ ಓಡಬೇಕು.

ಓಡಿಸಿ ನೋಡುವ ದಿನ ಗಾಳಿ ಇರುವ ಮಧ್ಯಾಹ್ನವನ್ನೇ ಕೇಳಿ. ಜೊತೆಯವರನ್ನು ಹತ್ತಿಸಿ, ಲೈಫ್ ಜಾಕೆಟ್ ಹಾಕಿಸಿ, ಐಸ್ ಬದಲು ಕ್ಯಾನುಗಳಲ್ಲಿ ನೀರು ತುಂಬಿಡಿ. ಗಾಳಿಗೆ ಎದುರಾಗಿ ಹೋಗಿ, ತಿರುಗಿಸಿ, ಅಲೆ ಹಿಂದಿನಿಂದ ಬರುವಂತೆ ವಾಪಸ್ ಬನ್ನಿ. ದಡಕ್ಕೆ ಬಂದ ಮೇಲೆ ಹಿಂಬದಿಯ ಮೂಲೆಗೆ ಕೈ ಹಾಕಿ, ನೀರು ನಿಂತಿದೆಯಾ ನೋಡಿ.