ರಕ್ತದಿಂದ ಸ್ಟೆಮ್ ಸೆಲ್ ಬೇರ್ಪಡಿಸುವುದು: ನನ್ನ ಅನುಭವ

ರಕ್ತಕಣಗಳಿಗೆಲ್ಲ ಮೂಲವಾದ ಸ್ಟೆಮ್ ಸೆಲ್‌ಗಳನ್ನು ಬೇರ್ಪಡಿಸುವುದು ಅಂದರೆ ಎಲ್ಲರಿಗೂ ಆಯಸ್ಕಾಂತದ ಕಾಲಂ (ಆಯಸ್ಕಾಂತೀಯ ಮಣಿ ಅಂಟಿದ ಕೋಶಗಳನ್ನು ಹಿಡಿದಿಡುವ ಕೊಳವೆ) ನೆನಪಾಗುತ್ತದೆ. ನನ್ನ ಪ್ರಕಾರ ಅದು ಸುಲಭದ ಭಾಗ. ಫಲಿತಾಂಶ ಚೆನ್ನಾಗಿ ಬರುತ್ತದೋ ಇಲ್ಲವೋ ಅನ್ನುವುದು ಅದಕ್ಕೂ ಮೊದಲೇ ತೀರ್ಮಾನವಾಗಿರುತ್ತದೆ.

ಈ ಕೋಶಗಳ ಮನೆ ಮೂಳೆಯ ಮಜ್ಜೆ. ರಕ್ತದಲ್ಲಿ ಓಡಾಡುವುದು ತೀರಾ ಕಡಿಮೆ: ಬಿಳಿ ಕಣಗಳಲ್ಲಿ ಸಾವಿರಕ್ಕೆ ಒಂದು ಸಿಕ್ಕರೆ ಜಾಸ್ತಿ. ಹಾಗಾಗಿ ಸಿಕ್ಕಾಗಲೆಲ್ಲ ಜಿ-ಸಿಎಸ್‌ಎಫ್ ಚುಚ್ಚುಮದ್ದು ಪಡೆದ ದಾನಿಗಳ ರಕ್ತವನ್ನೇ ಬಳಸುತ್ತೇನೆ. ನಾಲ್ಕೈದು ದಿನ ಅದನ್ನು ಕೊಟ್ಟರೆ ಕೋಶಗಳು ಮಜ್ಜೆಯ ಹಿಡಿತ ಬಿಟ್ಟು ರಕ್ತಕ್ಕೆ ಬರುತ್ತವೆ. ದಾನಿಯ ಲಿಖಿತ ಒಪ್ಪಿಗೆ ಇಲ್ಲದೆ ಟ್ಯೂಬ್ ಮುಟ್ಟುವುದಿಲ್ಲ. ಎಚ್‌ಐವಿ, ಹೆಪಟೈಟಿಸ್ ಪರೀಕ್ಷೆ ಆಗಿದ್ದರೂ ಪ್ರತಿ ಮಾದರಿಯಲ್ಲೂ ಸೋಂಕು ಇದೆ ಅಂದುಕೊಂಡೇ ಕೆಲಸ ಮಾಡುತ್ತೇನೆ.

ರಕ್ತಕ್ಕೆ ಬಫರ್ (ಕೋಶಗಳಿಗೆ ಹಾನಿಯಾಗದ ಉಪ್ಪಿನ ದ್ರಾವಣ) ಬೆರೆಸಿ ತೆಳುಮಾಡಿ, ಫೈಕಾಲ್ ದ್ರವದ ಮೇಲೆ ಪದರವಾಗಿ ಬಿಡುತ್ತೇನೆ. ಟ್ಯೂಬನ್ನು ಓರೆಯಾಗಿ ಹಿಡಿದು, ಪಿಪೆಟ್ ತುದಿಯನ್ನು ಗೋಡೆಗೆ ತಾಗಿಸಿ, ನಿಧಾನವಾಗಿ. ಇಲ್ಲಿ ಅವಸರ ಮಾಡಿದರೆ ಎರಡೂ ಕಲೆತುಹೋಗುತ್ತವೆ. ಫೈಕಾಲ್‌ನ ಸಾಂದ್ರತೆ ಮಿಲಿಲೀಟರಿಗೆ 1.077 ಗ್ರಾಂ. ಕೆಂಪು ಕಣಗಳು ಅದಕ್ಕಿಂತ ಭಾರ, ತಳ ಸೇರುತ್ತವೆ. ನಮಗೆ ಬೇಕಾದವು ಹಗುರ, ಮೇಲೆ ಉಳಿಯುತ್ತವೆ. ಕೋಣೆಯ ತಾಪದಲ್ಲಿ, ಟ್ಯೂಬನ್ನು ರಭಸದಿಂದ ತಿರುಗಿಸುವ ಸೆಂಟ್ರಿಫ್ಯೂಜಿನಲ್ಲಿ 400 ಜಿ ಬಲ (ಗುರುತ್ವದ 400 ಪಟ್ಟು), ಅರ್ಧ ಗಂಟೆ. ಸೆಂಟ್ರಿಫ್ಯೂಜಿನ ಬ್ರೇಕ್ ಮಾತ್ರ ಆಫ್ ಇರಲೇಬೇಕು. ಗಕ್ಕನೆ ನಿಂತರೆ ಪದರ ಕದಡುತ್ತದೆ, ಅಷ್ಟು ಹೊತ್ತಿನ ಶ್ರಮ ವ್ಯರ್ಥ. ತಾನಾಗಿಯೇ ನಿಲ್ಲಲು ಬಿಟ್ಟರೆ ಪ್ಲಾಸ್ಮಾದ ಕೆಳಗೆ ಮಜ್ಜಿಗೆಯಂತೆ ಬೆಳ್ಳಗಿನ ತೆಳು ಉಂಗುರ ಕಾಣುತ್ತದೆ. ಅದನ್ನಷ್ಟೇ ಹೀರಿಕೊಳ್ಳುತ್ತೇನೆ. ಆಸೆಪಟ್ಟು ಕೆಳಗಿನ ಫೈಕಾಲನ್ನೂ ಎಳೆದುಕೊಂಡರೆ ಬೇಡದ ಕಣಗಳು ಜೊತೆಗೆ ಬರುತ್ತವೆ.

ಆಮೇಲಿನ ತೊಳೆತದಲ್ಲಿ ಹಲವರು ಜಾರುತ್ತಾರೆ. ಪ್ಲೇಟ್‌ಲೆಟ್ ಉಳಿದರೆ ಕೋಶಗಳು ಒಂದಕ್ಕೊಂದು ಅಂಟಿ ಗಂಟಾಗುತ್ತವೆ. ಒಂದೆರಡು ಸಲ 200 ಜಿ ಬಲದಲ್ಲಿ ಹತ್ತು ನಿಮಿಷ ತಿರುಗಿಸಿದರೆ ಪ್ಲೇಟ್‌ಲೆಟ್ ಮೇಲಿನ ನೀರಿನಲ್ಲೇ ಹೋಗುತ್ತವೆ. ಬಫರಿನಲ್ಲಿ 2 ಮಿಲಿಮೋಲಾರ್ ಇಡಿಟಿಎ ಹಾಕುವುದೂ ಗಂಟು ಆಗದಿರಲಿ ಅಂತಲೇ. ಕೊನೆಗೆ 30 ಮೈಕ್ರಾನ್ ಜಾಲರಿಯಲ್ಲಿ ಸೋಸುತ್ತೇನೆ.

ಇನ್ನು ಆಯಸ್ಕಾಂತ. ಮೊದಲು ಎಫ್‌ಸಿ ಬ್ಲಾಕರ್, ಅಂದರೆ ಪ್ರತಿಕಾಯದ ಬಾಲ ಅಂಟುವ ಜಾಗಗಳನ್ನು ಮುಚ್ಚುವ ದ್ರಾವಣ. ಇಲ್ಲದಿದ್ದರೆ ಮಾನೊಸೈಟ್ ಎಂಬ ಬಿಳಿ ಕಣಗಳು ಸುಮ್ನೆ ಪ್ರತಿಕಾಯಗಳನ್ನು ಹಿಡಿದುಕೊಳ್ಳುತ್ತವೆ. ಜೊತೆಗೆ ಸಿಡಿ34 ಮಣಿಗಳು: ಸ್ಟೆಮ್ ಸೆಲ್ ಮೈಮೇಲಿನ ಸಿಡಿ34 ಪ್ರೋಟೀನನ್ನು ಹಿಡಿಯುವ ಪ್ರತಿಕಾಯ ಹೊತ್ತ ಆಯಸ್ಕಾಂತೀಯ ಮಣಿಗಳು. ಅರ್ಧ ಗಂಟೆ ಫ್ರಿಜ್‌ನಲ್ಲಿ. ತಾಪ ಜಾಸ್ತಿಯಾದರೆ ಮಣಿಗಳು ಕಂಡಕಂಡ ಕೋಶಕ್ಕೆ ಅಂಟುತ್ತವೆ. ಕಾಲಂನಲ್ಲಿ ಹಾಯಿಸುವಾಗ ಗಾಳಿ ತೆಗೆದ ಬಫರನ್ನೇ ಬಳಸುತ್ತೇನೆ, ಗುಳ್ಳೆ ಸಿಕ್ಕಿಕೊಂಡರೆ ಕಾಲಂ ಕಟ್ಟಿಕೊಳ್ಳುತ್ತದೆ. ಒಂದೇ ಕಾಲಂಗೆ ನಾನು ತೃಪ್ತಿಪಡುವುದಿಲ್ಲ. ಎರಡನೆಯದರಲ್ಲೂ ಹಾಯಿಸಿದಾಗ ಸ್ವಲ್ಪ ಕೋಶ ಕಳೆದುಹೋಗುತ್ತವೆ ನಿಜ, ಆದರೆ ಶುದ್ಧತೆ ಏರುವುದು ಅಲ್ಲೇ.

ಕೋಶಗಳನ್ನು ಒಂದೊಂದಾಗಿ ಬೆಳಕಿನಲ್ಲಿ ಅಳೆಯುವ ಫ್ಲೋ ಸೈಟೋಮೀಟರಿನಲ್ಲಿ ಸಿಡಿ34 ಜೋರಾಗಿ, ಬಿಳಿ ಕಣಗಳ ಗುರುತಾದ ಸಿಡಿ45 ಮಂಕಾಗಿ ಕಂಡರೆ ಸರಿ. ಹಾಗಂತ ಸಿಕ್ಕಿದ್ದೆಲ್ಲ ಸ್ಟೆಮ್ ಸೆಲ್ ಅಲ್ಲ. ಬಹುಪಾಲು ಕೋಶಗಳು ಈಗಾಗಲೇ ಯಾವುದೋ ಒಂದು ಬಗೆಯ ರಕ್ತಕಣವಾಗುವ ದಾರಿ ಹಿಡಿದಿರುತ್ತವೆ. ಅವು ಎಂಥವು ಅಂತ ತಿಳಿಯಲು ಒಂದಿಷ್ಟನ್ನು ಮೀಥೈಲ್‌ಸೆಲ್ಯುಲೋಸ್ ಎಂಬ ಮಂದ ಅಂಟು ಮಾಧ್ಯಮದಲ್ಲಿ ಬಿತ್ತಿ, ಎರಡು ವಾರ ಬಿಟ್ಟು ಯಾವ ಬಗೆಯ ಗುಂಪುಗಳು ಬೆಳೆದಿವೆ ಅಂತ ಎಣಿಸಬೇಕು. ಅಲ್ಲಿಯವರೆಗೆ ಉಳಿದ ಕೋಶ ಕಾಯುವುದಿಲ್ಲ, ಅಲ್ವಾ? ಅವನ್ನು ಅದೇ ದಿನ 10% ಡಿಎಂಎಸ್‌ಒ (ಹೆಪ್ಪುಗಟ್ಟುವಾಗ ಕೋಶ ಹಾಳಾಗದಂತೆ ಕಾಯುವ ರಾಸಾಯನಿಕ) ಇರುವ ದ್ರಾವಣದಲ್ಲಿ, ನಿಮಿಷಕ್ಕೆ ಒಂದು ಡಿಗ್ರಿಯಂತೆ ತಣಿಸಿ, ದ್ರವ ಸಾರಜನಕಕ್ಕೆ ಸೇರಿಸುತ್ತೇನೆ.